ಅಂಕಿಗಳು ಹುಟ್ಟುವ ಜಾಗ

ಅಕ್ಕನ ಮಗಳು ಕಳೆದ ವಾರ ಕರೆ ಮಾಡಿ, ಮೈನರ್ ವಿಷಯವನ್ನು ಆರಿಸಿಕೊಳ್ಳಲು ವಿಶ್ವವಿದ್ಯಾಲಯದವರು ಹತ್ತು ದಿನಗಳ ಗಡುವು ಕೊಟ್ಟಿದ್ದಾರೆ ಎಂದಳು. ಅವಳ ಮೇಜರ್, ಅಂದರೆ ಮುಖ್ಯ ವಿಷಯ, ಜೀವಶಾಸ್ತ್ರ; ಮೈನರ್ ಅದರ ಜೊತೆಗಿನ ಉಪವಿಷಯ. ಪಟ್ಟಿಯಲ್ಲಿದ್ದ ಹನ್ನೆರಡು ಮೈನರ್‌ಗಳ ಪೈಕಿ ಒಂಬತ್ತನ್ನು ಅವಳೇ ಹೊಡೆದು ಹಾಕಿದ್ದಳು. ಉಳಿದ ಮೂರರಲ್ಲಿ ಅನ್ವಯಿಕ ಎಂಜಿನಿಯರಿಂಗ್ ಮತ್ತು ತಂತ್ರಜ್ಞಾನವೂ ಒಂದು. "ಮಾವ, ನೀವು ಅದನ್ನೇ ತಗೊಂಡಿದ್ದಿರಲ್ಲ, ಆಮೇಲೆ ಅದರಿಂದ ಏನಾದರೂ ಉಪಯೋಗ ಆಯ್ತಾ?" ಎಂದು ಕೇಳಿದಳು. "ಖಂಡಿತ ಆಯ್ತಮ್ಮ" ಎಂದೆ. "ಏನು ಉಪಯೋಗ?" ಎಂಬ ಮರುಪ್ರಶ್ನೆ ಬಂದಾಗ ತಡವರಿಸಿದೆ. ಅಂದು ಫೋನಿನಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮೇಜರ್ ಸಂಖ್ಯಾಶಾಸ್ತ್ರವಾಗಿತ್ತು. ಅನ್ವಯಿಕ ಎಂಜಿನಿಯರಿಂಗನ್ನು ಮೈನರ್ ಆಗಿ ಆರಿಸಿಕೊಂಡದ್ದಕ್ಕೆ ಆಗ ನನ್ನಲ್ಲಿದ್ದ ಕಾರಣಗಳು ಹೇಳಿಕೊಳ್ಳುವಂಥವಲ್ಲ. ಬಯೋಡೇಟಾದಲ್ಲಿ 'ತಂತ್ರಜ್ಞಾನ' ಎಂಬ ಶಬ್ದ ಇದ್ದರೆ ನೋಡುವವರ ಕಣ್ಣು ಅಲ್ಲಿ ಒಂದು ಕ್ಷಣ ಹೆಚ್ಚು ನಿಲ್ಲುತ್ತದೆ ಎಂದು ಹಿರಿಯ ವಿದ್ಯಾರ್ಥಿಯೊಬ್ಬರು ಹೇಳಿದ್ದರು, ಹಾಸ್ಟೆಲಿನ ಕೋಣೆಯಲ್ಲಿ ಜೊತೆಗಿದ್ದವನೂ ಅದನ್ನೇ ಆರಿಸಿಕೊಂಡಿದ್ದ, ಮತ್ತು ನನಗೆ ಅರ್ಥಶಾಸ್ತ್ರದ ಮೈನರ್‌ನ ವೇಳಾಪಟ್ಟಿ ಒಗ್ಗುತ್ತಿರಲಿಲ್ಲ. ಯಂತ್ರಗಳ ಬಗ್ಗೆ ಪ್ರೀತಿ ಇತ್ತು ಎಂದು ಈಗ ಹೇಳಿದರೆ ಅದು ಹಿಂದಿನದಕ್ಕೆ ಇಂದು ಬಳಿಯುವ ಬಣ್ಣವಾಗುತ್ತದೆ. ಆಯ್ಕೆಯ ಹೊತ್ತಿನಲ್ಲಿ ನಮಗಿರುವ ಕಾರಣಗಳು ಬೇರೆ, ಆ ಆಯ್ಕೆ ಕೊನೆಗೆ ನಮಗೆ ಕೊಡುವುದು ಬೇರೆ. ಅಕ್ಕನ ಮಗಳಿಗೆ ಉತ್ತರಿಸುವಾಗ ನಾನು ತಡವರಿಸಿದ್ದಕ್ಕೆ ಇದೂ ಒಂದು ಕಾರಣವಿದ್ದೀತು.

ಮೊದಲು ಲೆಕ್ಕದ ಮಾತು ಮುಗಿಸಿಬಿಡುತ್ತೇನೆ. ಮೈನರ್ ಎಂದರೆ ಬಹುತೇಕ ಕಡೆಗಳಲ್ಲಿ ಐದಾರು ಪತ್ರಿಕೆಗಳು, ಹದಿನೆಂಟರಿಂದ ಇಪ್ಪತ್ತನಾಲ್ಕರ ಆಸುಪಾಸಿನ ಕ್ರೆಡಿಟ್‌ಗಳು. ಒಟ್ಟು ಪದವಿಯ ಆರನೆಯ ಒಂದು ಭಾಗ, ಕೆಲವೊಮ್ಮೆ ಅದಕ್ಕೂ ಕಡಿಮೆ. ಕಾಗದದ ಮೇಲೆ ಇದು ಹಗುರವಾಗಿ ಕಾಣುತ್ತದೆ. ಆದರೆ ತರಗತಿಯಲ್ಲಿ ವಾರಕ್ಕೆ ಒಂದು ತಾಸು ಕುಳಿತರೆ ಸಿಗುವ ಒಂದು ಕ್ರೆಡಿಟ್ ಪ್ರಯೋಗಾಲಯದಲ್ಲಿ ಎರಡು ಅಥವಾ ಮೂರು ತಾಸು ನಿಂತರೆ ಮಾತ್ರ ಸಿಗುತ್ತದೆ. ಮನಶ್ಶಾಸ್ತ್ರದ ಮೈನರ್‌ನ ಇಪ್ಪತ್ತು ಕ್ರೆಡಿಟ್‌ಗಳೂ ಎಂಜಿನಿಯರಿಂಗ್ ಮೈನರ್‌ನ ಇಪ್ಪತ್ತು ಕ್ರೆಡಿಟ್‌ಗಳೂ ಅಂಕಪಟ್ಟಿಯಲ್ಲಿ ಸಮ, ವಾರದ ಮಧ್ಯಾಹ್ನಗಳಲ್ಲಿ ಸಮವಲ್ಲ. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಇನ್ನು 'ಅನ್ವಯಿಕ' ಎಂಬ ವಿಶೇಷಣ. ಎಂಜಿನಿಯರಿಂಗ್ ಎಂದರೇ ಅನ್ವಯ ತಾನೆ, ಅದರ ಹಿಂದೆ ಮತ್ತೊಂದು 'ಅನ್ವಯಿಕ' ಏಕೆ ಎಂದು ನನಗೆ ಮೊದಲ ದಿನವೇ ಅನಿಸಿತ್ತು. ಅದರ ಹಿಂದೆ ಒಂದು ಹಳೆಯ ಜಗಳವಿದೆ ಎಂದು ತಿಳಿದದ್ದು ತಡವಾಗಿ. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ಮಾಸ್ಕೋದ ತಾಂತ್ರಿಕ ಶಾಲೆಯು ವಿಕ್ಟರ್ ಡೆಲ್ಲಾ-ವೋಸ್ ಅವರು ರೂಪಿಸಿದ ಬೋಧನಾ ಕ್ರಮವನ್ನು ತೋರಿಸಿತು: ಅರದ ಕೆಲಸ, ಮರದ ಜೋಡಣೆ, ಲೇತ್ (ತುಂಡನ್ನು ತಿರುಗಿಸುತ್ತ ಕೆತ್ತುವ ಯಂತ್ರ) ಕೆಲಸ ಇವನ್ನು ಯಾವುದೋ ಯಜಮಾನನ ಕೈಕೆಳಗೆ ವರ್ಷಗಟ್ಟಲೆ ದುಡಿದು ಕಲಿಯುವ ಬದಲು, ಸಣ್ಣ ಸಣ್ಣ ಅಭ್ಯಾಸಗಳಾಗಿ ಬಿಡಿಸಿ, ಸುಲಭದಿಂದ ಕಠಿಣಕ್ಕೆ ಕ್ರಮವಾಗಿ ಕಲಿಸುವುದು. ಅದನ್ನು ಕಂಡ, ಅಮೆರಿಕದ ತಾಂತ್ರಿಕ ವಿದ್ಯಾಸಂಸ್ಥೆ ಎಂಐಟಿಯ ಅಂದಿನ ಅಧ್ಯಕ್ಷ ಜಾನ್ ರಂಕಲ್ ಅವರು ತಮ್ಮಲ್ಲಿಯೂ ಅಂಥ ಕಾರ್ಯಾಗಾರಗಳನ್ನು ತೆರೆಸಿದರು. ಅಲ್ಲಿಂದ ಬಹಳ ಕಾಲ ಎಂಜಿನಿಯರ್ ಆಗುವವರು ಕೈಗೆ ಮಸಿ ಹತ್ತಿಸಿಕೊಳ್ಳಲೇಬೇಕಿತ್ತು. 1955ರಲ್ಲಿ ಅಮೆರಿಕದ ಎಂಜಿನಿಯರಿಂಗ್ ಶಿಕ್ಷಣ ಸಂಘಕ್ಕೆ ಗ್ರಿಂಟರ್ ಸಮಿತಿ ಸಲ್ಲಿಸಿದ ವರದಿ ಗಾಳಿಯ ದಿಕ್ಕನ್ನು ಬದಲಿಸಿತು: ಗಣಿತ ಮತ್ತು ಮೂಲವಿಜ್ಞಾನಗಳನ್ನು ಗಟ್ಟಿ ಮಾಡಿ, ಕೈಚಳಕದ ಪಾಠಗಳನ್ನು ಕೈಬಿಡಿ ಎಂದು ಅದು ಹೇಳಿತು. ಎಂಜಿನಿಯರಿಂಗ್ ಪದವಿ ಕಪ್ಪುಹಲಗೆಯ ಕಡೆಗೆ ಸರಿದಂತೆ, ಕಾರ್ಯಾಗಾರದ ಕಲಿಕೆ 'ಎಂಜಿನಿಯರಿಂಗ್ ತಂತ್ರಜ್ಞಾನ' ಎಂಬ ಬೇರೊಂದು ಹೆಸರಿನಲ್ಲಿ ಮನೆ ಮಾಡಿಕೊಂಡಿತು. ಪದವಿಗಳ ಪರಸ್ಪರ ಮಾನ್ಯತೆಗಾಗಿ ಆದ ಅಂತರರಾಷ್ಟ್ರೀಯ ಒಪ್ಪಂದಗಳಲ್ಲಿಯೂ ಈ ಭೇದ ಉಳಿದಿದೆ: ಎಂಜಿನಿಯರ್‌ಗಳಿಗೆ 1989ರ ವಾಷಿಂಗ್ಟನ್ ಒಪ್ಪಂದ, ಎಂಜಿನಿಯರಿಂಗ್ ತಂತ್ರಜ್ಞರಿಗೆ 2001ರ ಸಿಡ್ನಿ ಒಪ್ಪಂದ, ತಂತ್ರಕರ್ಮಿಗಳಿಗೆ 2002ರ ಡಬ್ಲಿನ್ ಒಪ್ಪಂದ.

ಈ ಮೂರು ಮೆಟ್ಟಿಲುಗಳಲ್ಲಿ ಮೈನರ್ ಎಲ್ಲಿ ನಿಲ್ಲುತ್ತದೆ ಎಂದರೆ, ಎಲ್ಲಿಯೂ ಇಲ್ಲ. ಈ ಒಪ್ಪಂದಗಳೆಲ್ಲ ಪೂರ್ಣ ಶಿಕ್ಷಣಕ್ರಮಗಳಿಗೆ ಸಂಬಂಧಿಸಿದವು. ಐದಾರು ಪತ್ರಿಕೆ ಓದಿದವರು ಎಂಜಿನಿಯರ್ ಆಗುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡರೆ ಮುಂದಿನ ನಿರಾಸೆ ತಪ್ಪುತ್ತದೆ. ಒಳಗೊಳಗೇ ಎಂಜಿನಿಯರ್ ಆಗಬೇಕೆಂಬ ಆಸೆಯಿಟ್ಟುಕೊಂಡು, ಧೈರ್ಯ ಸಾಲದೆ ಮೈನರ್‌ನಲ್ಲಿ ಅದನ್ನು ತೀರಿಸಿಕೊಳ್ಳಲು ಹೊರಟ ಇಬ್ಬರು ನನ್ನ ತರಗತಿಯಲ್ಲಿದ್ದರು. ಅವರು ಮೇಜರನ್ನೇ ಬದಲಿಸಬೇಕಿತ್ತು ಎಂದು ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ.

ಹಾಗಾದರೆ ನನಗೆ ಸಿಕ್ಕಿದ್ದೇನು? ಒಂದು ಉಕ್ಕಿನ ದಂಡದ ಕಥೆಯಿಂದ ಆರಂಭಿಸುತ್ತೇನೆ.

ಎರಡನೆಯ ಸೆಮಿಸ್ಟರಿನಲ್ಲಿ ಲೇತ್ ಮೇಲೆ 25 ಮಿಲಿಮೀಟರ್ ವ್ಯಾಸದ ಶಾಫ್ಟ್ ಒಂದನ್ನು ತಯಾರಿಸಬೇಕಿತ್ತು. ನಕ್ಷೆಯಲ್ಲಿ '25 ಎಚ್7' ಎಂದು ಬರೆದಿತ್ತು. ಹಾಗೆಂದರೆ ವ್ಯಾಸ 25.000ಕ್ಕಿಂತ ಹೆಚ್ಚಿರಬಾರದು, 24.979ಕ್ಕಿಂತ ಕಡಿಮೆಯೂ ಆಗಬಾರದು. ಅನುಮತಿಸಿದ ಟಾಲರೆನ್ಸ್ 21 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಭಾಗಕ್ಕಿಂತ ತುಸು ಹೆಚ್ಚು. ನಾನು ಕೊನೆಯ ಸುತ್ತು ಕಚ್ಚು ತೆಗೆದು, ಯಂತ್ರ ನಿಲ್ಲಿಸಿ, ಡಿಜಿಟಲ್ ಮೈಕ್ರೋಮೀಟರ್ ಹಿಡಿದು ಐದು ಕಡೆ ಅಳೆದೆ. ಸಂಖ್ಯಾಶಾಸ್ತ್ರದ ವಿದ್ಯಾರ್ಥಿಯಲ್ಲವೇ, ಒಂದೇ ಅಳತೆಯನ್ನು ನಂಬುವುದುಂಟೇ! ಸರಾಸರಿ 24.985 ಬಂತು, ಐದೂ ಅಳತೆಗಳು ಒಂದರ ಪಕ್ಕ ಒಂದು ಕುಳಿತಿದ್ದವು, ಅಳತೆಗಳ ಚದುರುವಿಕೆಯನ್ನು ಹೇಳುವ ಮಾನಕ ವಿಚಲನೆ ಒಂದು ಮೈಕ್ರಾನ್ ಕೂಡ ಇರಲಿಲ್ಲ. ಹೆಮ್ಮೆಯಿಂದ ಪುಸ್ತಕದಲ್ಲಿ ಬರೆದು, ಲ್ಯಾಬ್ ಬೋಧಕರ ಮುಂದೆ ಇಟ್ಟೆ. ಅವರು ಶಾಫ್ಟನ್ನು ಕೈಯಲ್ಲಿ ಹಿಡಿದು, ನಕ್ಕು, "ಸ್ವಲ್ಪ ಹೊತ್ತು ಬಿಟ್ಟು ತನ್ನಿ" ಎಂದರು. ಅಷ್ಟೇ. ಮುಕ್ಕಾಲು ತಾಸಿನ ನಂತರ ಅಳೆದಾಗ 24.973. ತುಂಡು ತಿರಸ್ಕೃತ.

ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು ಹನ್ನೆರಡು ಭಾಗದಷ್ಟು ಹಿಗ್ಗುತ್ತದೆ ಎಂಬುದನ್ನು ನಾನು ಶಾಲೆಯಲ್ಲಿಯೇ ಓದಿದ್ದೆ. ಕಚ್ಚಿನ ಶಾಖಕ್ಕೆ ಆ ತುಂಡು ಕೋಣೆಗಿಂತ ನಲವತ್ತು ಡಿಗ್ರಿ ಹೆಚ್ಚು ಬಿಸಿಯಾಗಿತ್ತು ಎಂದುಕೊಳ್ಳಿ: 25 ಮಿಲಿಮೀಟರಿಗೆ 0.012 ಮಿಲಿಮೀಟರ್, ಅನುಮತಿಸಿದ ಟಾಲರೆನ್ಸಿನ ಅರ್ಧಕ್ಕಿಂತ ಹೆಚ್ಚು. ಯಂತ್ರಭಾಗಗಳ ಅಳತೆಗೆ 20 ಡಿಗ್ರಿ ಸೆಲ್ಸಿಯಸ್ ಎಂಬ ಆಧಾರ ತಾಪಮಾನವನ್ನು ಜಗತ್ತೆಲ್ಲ ಒಪ್ಪಿಕೊಂಡಿರುವುದು ಸುಮ್ಮನೆ ಅಲ್ಲ. ಆದರೆ ನನ್ನನ್ನು ಕಾಡಿದ್ದು ಉಷ್ಣ ವಿಸ್ತರಣೆಯಲ್ಲ. ನನ್ನ ಐದು ಅಳತೆಗಳು ಎಷ್ಟು ಒಮ್ಮತದಿಂದ, ಎಷ್ಟು ಆತ್ಮವಿಶ್ವಾಸದಿಂದ ತಪ್ಪಾಗಿದ್ದವು ಎಂಬುದು. ಅದೇ ಬಿಸಿಯಲ್ಲಿ ಐದರ ಬದಲು ಐನೂರು ಬಾರಿ ಅಳೆದಿದ್ದರೂ ಸರಾಸರಿ ಅದೇ ಬರುತ್ತಿತ್ತು, ವಿಶ್ವಾಸಾಂತರ (ನಿಜವಾದ ಅಳತೆ ಇರಬಹುದೆಂದು ಅಂದಾಜಿಸುವ ವ್ಯಾಪ್ತಿ) ಮಾತ್ರ ಇನ್ನಷ್ಟು ಕಿರಿದಾಗಿ ನನ್ನ ಮೂರ್ಖತನಕ್ಕೆ ಮುದ್ರೆ ಒತ್ತುತ್ತಿತ್ತು. ಯಾದೃಚ್ಛಿಕ ದೋಷವನ್ನು ಸರಾಸರಿ ಕರಗಿಸುತ್ತದೆ, ಏಕಮುಖ ದೋಷವನ್ನು ಮುಟ್ಟುವುದೂ ಇಲ್ಲ ಎಂಬ ವಾಕ್ಯವನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಅದರ ಅರ್ಥ ಗೊತ್ತಾದದ್ದು ತಣ್ಣಗಾದ ಆ ಶಾಫ್ಟಿನಿಂದ.

ಎರಡನೆಯ ಘಟನೆ ಇನ್ನೂ ನಾಚಿಕೆಗೇಡಿನದು. ಸಂವೇದಕಗಳ ಪತ್ರಿಕೆಯಲ್ಲಿ ಎಲ್‌ಎಂ35 ಎಂಬ ಅಗ್ಗದ ತಾಪಮಾನ ಸಂವೇದಕವನ್ನು ಆರ್ಡ್ಯುಯಿನೊ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿಗೆ ಜೋಡಿಸಿ, ಒಂದು ರಾತ್ರಿಯಿಡೀ ಕೋಣೆಯ ತಾಪಮಾನ ದಾಖಲಿಸಿದೆವು. ಮರುದಿನ ನಾನು ಸ್ತಂಭಾಲೇಖ ಬರೆದು ನೋಡಿದರೆ ಅದು ಬಾಚಣಿಗೆಯಂತೆ ಹಲ್ಲು ಹಲ್ಲಾಗಿತ್ತು. ನಡುನಡುವೆ ಒಂದೇ ಒಂದು ದಾಖಲೆಯೂ ಇಲ್ಲದ ಖಾಲಿ ಜಾಗಗಳು. ನಾನು ಎರಡು ದಿನ ಕುಳಿತು, ಹಲವು ವಿತರಣೆಗಳು ಬೆರೆತಿರಬೇಕೆಂದು ಊಹಿಸಿ, ಗಾಳಿಯ ಪ್ರವಾಹ, ಫ್ಯಾನು, ಬಾಗಿಲು ತೆರೆದು ಮುಚ್ಚಿದ ಹೊತ್ತು ಎಲ್ಲವನ್ನೂ ಸೇರಿಸಿ ಒಂದು ಸೊಗಸಾದ ಮಾದರಿಯನ್ನು ಕಟ್ಟಿದೆ. ಸಹಪಾಠಿ ಒಬ್ಬಳು ಅದನ್ನು ಒಂದೇ ಸಾಲಿನಲ್ಲಿ ಕೆಡವಿದಳು. ಆ ಸಂವೇದಕ ಪ್ರತಿ ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. ಬೋರ್ಡು 0ಯಿಂದ 5 ವೋಲ್ಟನ್ನು 1024 ಮೆಟ್ಟಿಲುಗಳಾಗಿ ಕತ್ತರಿಸುತ್ತದೆ, ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್, ಅಂದರೆ ಹತ್ತಿರಹತ್ತಿರ ಅರ್ಧ ಡಿಗ್ರಿ. ಆ ಅರ್ಧ ಡಿಗ್ರಿಯ ನಡುವಿನ ಯಾವ ತಾಪಮಾನವೂ ನಮ್ಮ ಕಡತಕ್ಕೆ ಬರಲು ಸಾಧ್ಯವೇ ಇರಲಿಲ್ಲ. ಬೋರ್ಡಿನೊಳಗಿನ 1.1 ವೋಲ್ಟಿನ ಆಧಾರಕ್ಕೆ ಬದಲಾಯಿಸಿದಾಗ ಮೆಟ್ಟಿಲು ಹತ್ತನೇ ಒಂದು ಡಿಗ್ರಿಗೆ ಇಳಿಯಿತು, ಹಲ್ಲುಗಳು ಮಾಯವಾದವು, ನನ್ನ ಮಾದರಿಯೂ ಮಾಯವಾಯಿತು. ನಾನು ವರದಿಯಲ್ಲಿ ಸರಾಸರಿ ತಾಪಮಾನವನ್ನು ದಶಮಾಂಶದ ಮೂರು ಸ್ಥಾನಗಳವರೆಗೆ ಬರೆದಿದ್ದೆ ಎಂಬುದನ್ನು ಇಲ್ಲಿ ಹೇಳದೆ ಬಿಡಬಹುದಿತ್ತು.

ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಅಂಕಿಗಳು ನಮಗೆ ಕೋಷ್ಟಕದಲ್ಲಿ ಸಿಗುತ್ತಿದ್ದವು. ತೊಳೆದು, ಒಣಗಿಸಿ, ಮಡಿಸಿಟ್ಟ ಬಟ್ಟೆಯಂತೆ. ಅವು ಎಲ್ಲಿ ಹುಟ್ಟಿದವು, ಯಾವ ಉಪಕರಣದ ಯಾವ ಮೆಟ್ಟಿಲಿನ ಮೇಲೆ ಕಾಲಿಟ್ಟು ಬಂದವು, ಅಳೆದವರ ಕೈ ಬೆಚ್ಚಗಿತ್ತೇ ತಣ್ಣಗಿತ್ತೇ ಎಂದು ನಾವು ಕೇಳುತ್ತಿರಲಿಲ್ಲ. ಸಮೀಕರಣದ ಕೊನೆಯಲ್ಲಿ ದೋಷವನ್ನು ಸೂಚಿಸುವ ಒಂದು ಎಪ್ಸಿಲಾನ್ ಬರೆದು, ಅದರ ಸರಾಸರಿ ಸೊನ್ನೆ ಎಂದು ಭಾವಿಸಿ, ಮುಂದೆ ಹೋಗುತ್ತಿದ್ದೆವು. ಕಾರ್ಯಾಗಾರದಲ್ಲಿ ದೋಷಕ್ಕೆ ತೂಕವಿತ್ತು, ಅಂಚಿತ್ತು, ಕೆಲವೊಮ್ಮೆ ಬಿಸಿಯೂ ಇತ್ತು. ಹತ್ತು ತುಂಡುಗಳನ್ನು ಮೂವರು ಮೂರು ಮೂರು ಸಲ ಅಳೆದು, ಒಟ್ಟು ತೊಂಬತ್ತು ಅಂಕಿಗಳಲ್ಲಿ ತುಂಡುಗಳ ವ್ಯತ್ಯಾಸವೆಷ್ಟು, ಉಪಕರಣದ ಅಸ್ಥಿರತೆಯೆಷ್ಟು, ಅಳೆಯುವವರ ನಡುವಿನ ಭೇದವೆಷ್ಟು ಎಂದು ಬಿಡಿಸುವ ಅಭ್ಯಾಸವೊಂದಿದೆ. ಕಾರ್ಖಾನೆಗಳಲ್ಲಿ ಗೇಜುಗಳನ್ನು ಪರೀಕ್ಷಿಸುವುದು ಹೀಗೆ. ಅದನ್ನು ಮಾಡಿದ ದಿನ, ನಾವು ಮೂವರಲ್ಲಿ ನಾನೇ ಮೈಕ್ರೋಮೀಟರಿನಲ್ಲಿ ಒತ್ತಡವನ್ನು ಮಿತಿಯಲ್ಲಿಡುವ ರ‍್ಯಾಚೆಟ್ ಬಳಸದೆ ಬಿಗಿಯಾಗಿ ಒತ್ತಿ, ಎಲ್ಲ ಅಳತೆಗಳನ್ನೂ ಕಡಿಮೆ ತೋರಿಸುತ್ತಿದ್ದೆ ಎಂದು ತಿಳಿಯಿತು. ವ್ಯತ್ಯಾಸಗಳನ್ನು ಹೀಗೆ ಬಿಡಿಸುವ ವಿಚಲನಾ ವಿಶ್ಲೇಷಣೆಯ ಕೋಷ್ಟಕದ ಒಂದು ಸಾಲಾಗಿ ನಾನೇ ಕಂಡುಬಂದದ್ದು ಅದೇ ಮೊದಲು.

ಆಮೇಲೆ ನೋಡಿದರೆ, ನನ್ನ ಮೇಜರಿನ ಎಷ್ಟೋ ಬೇರುಗಳು ಅಲ್ಲಿಯೇ ಇದ್ದವು. ಕಡಿಮೆ ಮಾದರಿಗಳಿಂದ ತೀರ್ಮಾನಕ್ಕೆ ಬರುವ ಟಿ-ಪರೀಕ್ಷೆಯನ್ನು 1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ ವಿಲಿಯಂ ಗಾಸೆಟ್ ಡಬ್ಲಿನ್ನಿನ ಗಿನ್ನೆಸ್ ಬಿಯರ್ ತಯಾರಿಕಾ ಸಂಸ್ಥೆಯ ನೌಕರರಾಗಿದ್ದರು. 1924ರ ಮೇ ತಿಂಗಳಲ್ಲಿ ದೂರವಾಣಿ ಉಪಕರಣಗಳನ್ನು ತಯಾರಿಸುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್‌ನಲ್ಲಿ ವಾಲ್ಟರ್ ಶೂಹಾರ್ಟ್ ತಮ್ಮ ಮೇಲಧಿಕಾರಿಗೆ ಒಂದು ಪುಟದಷ್ಟು ಟಿಪ್ಪಣಿ ಕೊಟ್ಟರು. ಅದರಲ್ಲಿದ್ದ ಚಿತ್ರವೇ ಇಂದಿನ ನಿಯಂತ್ರಣ ನಕ್ಷೆಯ ಮೊದಲ ರೂಪ. ಯಾವ ಏರಿಳಿತ ಯಂತ್ರದ ಸಹಜ ಉಸಿರಾಟ, ಯಾವುದು ಕಾಯಿಲೆಯ ಲಕ್ಷಣ ಎಂದು ಬೇರ್ಪಡಿಸುವುದು ಅವರ ಪ್ರಶ್ನೆಯಾಗಿತ್ತು. ನಮಗೆ ಇದೆಲ್ಲ ಪ್ರಮೇಯಗಳ ಮೆರವಣಿಗೆಯಾಗಿ ಬಂದಿತ್ತು.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು, ಇಲ್ಲದಿದ್ದರೆ ಯಂತ್ರ ಬಲ್ಲವರಿಗೆ ಎಲ್ಲವೂ ತಿಳಿದಿರುತ್ತದೆ ಎಂಬಂತಾಗುತ್ತದೆ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಿಸಿ ಏಳು ಜನ ಸತ್ತರು. ಹಿಂದಿನ ರಾತ್ರಿ ಎಂಜಿನಿಯರ್‌ಗಳು ಚಳಿಯಲ್ಲಿ ರಾಕೆಟ್ಟಿನ ಕೀಲುಗಳನ್ನು ಭದ್ರವಾಗಿ ಮುಚ್ಚುವ ರಬ್ಬರ್ ಉಂಗುರಗಳು ಬಿರುಸಾಗುತ್ತವೆ ಎಂದು ಸರಿಯಾಗಿಯೇ ಆತಂಕಪಟ್ಟಿದ್ದರು, ಆದರೆ ಅದನ್ನು ಮನವರಿಕೆ ಮಾಡಿಕೊಡಲು ಆಗಲಿಲ್ಲ. ಚರ್ಚೆಯಲ್ಲಿ ಗಮನವೆಲ್ಲ ಇದ್ದದ್ದು ಉಂಗುರಗಳಿಗೆ ಹಾನಿಯಾದ ಹಾರಾಟಗಳ ಮೇಲೆ. ಅವನ್ನಷ್ಟೇ ನೋಡಿದರೆ ತಾಪಮಾನಕ್ಕೂ ಹಾನಿಗೂ ನಂಟು ಕಾಣುತ್ತಿರಲಿಲ್ಲ. ತನಿಖಾ ಆಯೋಗ ಹಾನಿಯಾಗದ ಹಾರಾಟಗಳನ್ನೂ ಸೇರಿಸಿ ನೋಡಿತು: ಉಂಗುರದ ತಾಪಮಾನ ಸುಮಾರು 19 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚಿದ್ದ ಇಪ್ಪತ್ತು ಹಾರಾಟಗಳಲ್ಲಿ ಮೂರರಲ್ಲಿ ಮಾತ್ರ ಹಾನಿ, ಸುಮಾರು 17 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಿದ್ದ ನಾಲ್ಕಕ್ಕೆ ನಾಲ್ಕರಲ್ಲೂ ಹಾನಿ. ಏನೂ ಆಗದಿದ್ದದ್ದೂ ದತ್ತಾಂಶವೇ ಎಂಬುದು ಸಂಖ್ಯಾಶಾಸ್ತ್ರದ ಮೊದಲ ವರ್ಷದ ಪಾಠ. ರಬ್ಬರಿನ ಗುಣ ಬಲ್ಲವರಿಗೂ ಕೋಷ್ಟಕದ ಗುಣ ಬಲ್ಲವರಿಗೂ ನಡುವೆ ಭಾಷಾಂತರ ಮಾಡಬಲ್ಲವರು ಒಬ್ಬರಿದ್ದರೂ ಸಾಕಿತ್ತೇನೋ ಎಂದು ಈ ಪ್ರಕರಣವನ್ನು ಓದಿದಾಗಲೆಲ್ಲ ಅನಿಸುತ್ತದೆ. ಆ ರಾತ್ರಿಯ ತೀರ್ಮಾನದ ಹಿಂದೆ ಅಧಿಕಾರದ ಒತ್ತಡವೂ ಇತ್ತು, ಆ ಮಾತು ಬೇರೆ.

ಹೀಗೆಂದು ಎಲ್ಲವೂ ಸುಗಮವಾಗಿತ್ತೆಂದು ತಿಳಿಯಬೇಡಿ. ಪತ್ರಿಕೆಗಳ ನೋಂದಣಿಯಲ್ಲಿ ಮೇಜರ್ ವಿದ್ಯಾರ್ಥಿಗಳಿಗೆ ಮೊದಲ ಅವಕಾಶ, ಮೈನರ್‌ನವರಿಗೆ ಉಳಿದದ್ದು. ಹಾಗಾಗಿ ನಿಯಂತ್ರಣ ವ್ಯವಸ್ಥೆಗಳ ಪತ್ರಿಕೆಗಾಗಿ ಎರಡು ಸೆಮಿಸ್ಟರ್ ಕಾದು, ಕೊನೆಗೆ ಅಂತಿಮ ವರ್ಷದ ಯೋಜನಾ ಕಾರ್ಯದ ಜೊತೆಯಲ್ಲಿಯೇ ಅದನ್ನು ಮುಗಿಸಬೇಕಾಯಿತು. ನನ್ನ ಯೋಜನಾ ವರದಿ ಸೊರಗಿದ್ದಕ್ಕೆ ಅದೂ ಒಂದು ಕಾರಣ. ಲೇತ್ ಮುಂದೆಯೂ ಅದೇ ಸರದಿ: ನಾಲ್ಕು ಯಂತ್ರಗಳಿಗೆ ಮೂವತ್ತು ಜನ. ಕಾಯುವ ಸಮಯಕ್ಕೆ ಕ್ರೆಡಿಟ್ ಇಲ್ಲ. ಜೊತೆಗೆ, ತಂತ್ರಜ್ಞಾನದ ಪರಿಚಯ ಎಂಬ ಹೆಸರಿನ ಒಂದು ಪತ್ರಿಕೆಯನ್ನು ಸುಲಭವೆಂಬ ಒಂದೇ ಕಾರಣಕ್ಕೆ ತೆಗೆದುಕೊಂಡೆ. ವಾರಕ್ಕೊಂದು ಹೊಸ ವಿಷಯ, ರೋಬೋಟ್, ನ್ಯಾನೋ, ಇಂಧನ, ಮತ್ತೆ ರೋಬೋಟ್. ಅದರಲ್ಲಿ ಒಳ್ಳೆಯ ಅಂಕ ಬಂತು, ಇಂದು ಒಂದು ಸಾಲೂ ನೆನಪಿಲ್ಲ.

ಆ ಅನುಭವದಿಂದ ಹುಟ್ಟಿದ ಒಂದು ಹಟ ನನ್ನಲ್ಲಿದೆ: ಮೈನರ್‌ನ ಐದಾರು ಪತ್ರಿಕೆಗಳಲ್ಲಿ ಕನಿಷ್ಠ ಮೂರಾದರೂ ಒಂದರ ಹೆಗಲ ಮೇಲೆ ಒಂದು ನಿಲ್ಲುವಂತಿರಬೇಕು. ಅಳತೆಶಾಸ್ತ್ರ, ಸಂವೇದಕಗಳು, ನಿಯಂತ್ರಣ ಎಂಬ ಸಾಲು ಹಾಗೆ ನಿಲ್ಲುತ್ತದೆ. ವಸ್ತುಗಳ ಗುಣ, ತಯಾರಿಕೆ, ಗುಣಮಟ್ಟ ಎಂಬ ಸಾಲೂ ನಿಲ್ಲುತ್ತದೆ. ಪ್ರತಿಯೊಂದು ವಿಭಾಗದಿಂದ ಒಂದೊಂದು ಚಮಚ ರುಚಿ ನೋಡುವ ಮೈನರ್‌ನಲ್ಲಿ ಯಾವುದರಲ್ಲೂ ತಪ್ಪು ಮಾಡುವಷ್ಟು ಒಳಗೆ ಹೋಗುವುದಿಲ್ಲ. ಪ್ರೋಗ್ರಾಮಿಂಗ್ ಮಾತ್ರ ಬೇಕೆನ್ನುವವರಿಗೆ ಈ ಮೈನರ್ ಬೇಡ ಎಂದೂ ಹೇಳುತ್ತೇನೆ. ಒಂದು ಲ್ಯಾಪ್‌ಟಾಪ್ ಇದ್ದರೆ ಅದನ್ನು ರಾತ್ರಿ ಎರಡು ಗಂಟೆಗೂ ಕಲಿಯಬಹುದು. ಮಿಲ್ಲಿಂಗ್ ಯಂತ್ರವನ್ನು, ಎಳೆದು ಬಲ ನೋಡುವ ಕರ್ಷಣ ಪರೀಕ್ಷೆಯ ಯಂತ್ರದಲ್ಲಿ ಉಕ್ಕಿನ ಸರಳು ಮೊದಲು ಸೊಂಟ ಸಣ್ಣಗಾಗಿ ಆಮೇಲೆ ಸದ್ದು ಮಾಡಿ ತುಂಡಾಗುವುದನ್ನು ನೋಡುವ ಅವಕಾಶವನ್ನು, ಪಕ್ಕದಲ್ಲಿ ನಿಂತು "ಸ್ವಲ್ಪ ಹೊತ್ತು ಬಿಟ್ಟು ತನ್ನಿ" ಎನ್ನುವ ಬೋಧಕರನ್ನು ವಿಶ್ವವಿದ್ಯಾಲಯದ ಹೊರಗೆ ಹೊಂದಿಸಿಕೊಳ್ಳುವುದು ಕಷ್ಟ. ಅಲ್ಲಿ ಮಾತ್ರ ಸಿಗುವುದನ್ನು ಅಲ್ಲಿದ್ದಾಗಲೇ ತೆಗೆದುಕೊಳ್ಳುವುದು ಲೇಸು.

ಉದ್ಯೋಗಕ್ಕೆ ಅದರಿಂದ ಸಹಾಯವಾಯಿತೇ? ಮೊದಲ ಕೆಲಸದ ಸಂದರ್ಶನದಲ್ಲಿ 'ತಂತ್ರಜ್ಞಾನ' ಎಂಬ ಆ ಶಬ್ದದ ಮೇಲೆ ಯಾರ ಕಣ್ಣೂ ನಿಲ್ಲಲಿಲ್ಲ. ನನ್ನ ಹಿರಿಯ ಮಿತ್ರರ ಭವಿಷ್ಯವಾಣಿ ಹುಸಿಯಾಯಿತು. ಆದರೆ ಕೆಲಸಕ್ಕೆ ಸೇರಿದ ಮೇಲೆ, ಯಾರಾದರೂ ದತ್ತಾಂಶದ ಕಡತ ಕಳಿಸಿದರೆ ನಾನು ಮೊದಲು ಬರೆಯುವ ಮರುಪತ್ರ ಇಂದಿಗೂ ಒಂದೇ ತೆರನಾಗಿರುತ್ತದೆ: ಯಾವ ಉಪಕರಣ, ಅದರ ಲೀಸ್ಟ್ ಕೌಂಟ್ (ಅಳೆಯಬಲ್ಲ ಅತಿ ಸಣ್ಣ ಪ್ರಮಾಣ) ಎಷ್ಟು, ಕೊನೆಯ ಬಾರಿ ಕ್ಯಾಲಿಬ್ರೇಷನ್ ಆದದ್ದು ಯಾವಾಗ, ದಾಖಲಾಗದೆ ಬಿಟ್ಟ ಸಾಲುಗಳಿವೆಯೇ? ಸಹೋದ್ಯೋಗಿಗಳು ಇದನ್ನು ನನ್ನ ಚಾಳಿ ಎಂದು ಕರೆಯುತ್ತಾರೆ.

ಅಕ್ಕನ ಮಗಳಿಗೆ ನಿನ್ನೆ ನಾನೇ ಕರೆ ಮಾಡಿದೆ. ಮೇಲಿನ ಕಥೆಗಳನ್ನೆಲ್ಲ ಹೇಳುವ ಬದಲು, ಪ್ರಯೋಗಾಲಯದಲ್ಲಿ ಡಿಎನ್‌ಎ ಪ್ರತಿಗಳನ್ನು ಮಾಡುವ ಪಿಸಿಆರ್ ಯಂತ್ರವನ್ನು ಬಳಸುತ್ತೀಯಲ್ಲ, ಅದು 95 ಡಿಗ್ರಿಯ ಹತ್ತಿರಕ್ಕೆ ಏರಿ, 60ರ ಆಸುಪಾಸಿಗೆ ಇಳಿದು, ಮತ್ತೆ 72ಕ್ಕೆ ಏರುತ್ತದಲ್ಲ, ಪರದೆಯ ಮೇಲೆ 60 ಎಂದು ತೋರಿಸಿದ ಕ್ಷಣದಲ್ಲಿ ನಳಿಕೆಯೊಳಗಿನ ದ್ರವವೂ 60ರಲ್ಲೇ ಇರುತ್ತದೆಯೇ ಎಂದು ಎಂದಾದರೂ ಕೇಳಿದ್ದೀಯಾ ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಇಲ್ಲ ಮಾವ. ಪರದೆ ತೋರಿಸೋದು ಲೋಹದ ಬ್ಲಾಕಿನ ತಾಪಮಾನ ಅಲ್ವಾ?" ಎಂದಳು. ನನಗೂ ಹಾಗೇ ಅನಿಸುತ್ತದೆ ಎಂದೆ. ನಿಯಂತ್ರಣ ವ್ಯವಸ್ಥೆಗಳ ಪತ್ರಿಕೆಗೆ ಗಣಿತದಲ್ಲಿ ಏನೇನು ಮೊದಲೇ ಓದಿರಬೇಕು, ಮೈನರ್‌ನವರಿಗೆ ಲ್ಯಾಬಿನಲ್ಲಿ ಸ್ಥಾನ ಖಾತರಿಯೇ ಎಂದು ಕಚೇರಿಯಲ್ಲಿ ವಿಚಾರಿಸಿ ಬರುವುದಾಗಿ ಹೇಳಿ ಫೋನ್ ಇಟ್ಟಳು. ಗಡುವಿಗೆ ಇನ್ನೂ ಮೂರು ದಿನಗಳಿವೆ.